ತಂಗಡಿಪಾಳ್ಯದ ಎಳ್ಳಮಾಸೆ

ಹೋದ ತಿಂಗಳು ಶಿಕ್ಷಕರ ತರಬೇತಿಯೊಂದಕ್ಕೆಂದು ಮಧುಗಿರಿಯಿಂದ ಪಾವಗಡಕ್ಕೆ ಬಸ್ಸಿನಲ್ಲಿ ಹೋಗುತ್ತಿದ್ದೆ. ಮಿಡಿಗೇಶಿ ದಾಟಿ ಸ್ವಲ್ಪ ದೂರ ಹೋದ ಮೇಲೆ ರಸ್ತೆಬದಿಯ ಹೊಲದಲ್ಲಿ ಹೆಂಗಸರು ಕಡ್ಲೆಕಾಯಿ ಗಿಡ ಕೀಳುತ್ತಿದ್ದರು. ಹಸಿ ಬೇರು, ಹಸಿ ಮಣ್ಣು, ಬಿಸಿಲಿಗೆ ಬಾಡುತ್ತಿರುವ ಬಳ್ಳಿ ಎಲ್ಲ ಸೇರಿದ ವಾಸನೆ ಕಿಟಕಿಯಿಂದ ಒಳಗೆ ಬಂತು. ಪಕ್ಕದಲ್ಲಿ ಕೂತ ಸಹೋದ್ಯೋಗಿ ಏನೋ ಹೇಳುತ್ತಿದ್ದರು, ನನಗೆ ಅರ್ಧ ಕೇಳಿಸಿತು, ಅರ್ಧ ಇಲ್ಲ. ಗಿರಿಯಮ್ಮತ್ತೆ ನಮ್ಮ ಮನೆಗೆ ಬಂದು ಉಳಿದಿದ್ದ ಆ ವರ್ಷದ ಸುಗ್ಗಿ ಕಣ್ಣಮುಂದೆ ಬಂದು ನಿಂತಿತ್ತು.

ಗಿರಿಯಮ್ಮತ್ತೆ ನಮ್ಮಪ್ಪನ ಅಕ್ಕ. ಹುಟ್ಟಿದ್ದು ಶಿರಾ ತಾಲ್ಲೂಕಿನ ಬರಗೂರಿನಲ್ಲಿ, ಕೊಟ್ಟಿದ್ದು ಕೊರಟಗೆರೆ ಸೀಮೆಗೆ. ಅಪ್ಪ ತೀರಿಕೊಂಡ ಮೇಲೂ ಆಕೆ ಮಹಾಲಯ ಅಮಾವಾಸ್ಯೆಯ ಹಿರಿಯರ ಹಬ್ಬಕ್ಕೆ ತವರಿಗೆ ಬರುವುದನ್ನು ತಪ್ಪಿಸಿದವಳಲ್ಲ. ಬರಗೂರಿನ ಮನೆಯಲ್ಲಿ ಈಗ ನನ್ನ ತಮ್ಮ ಬೇಸಾಯ ಮಾಡಿಕೊಂಡಿದ್ದಾನೆ. ನಾನು ಮಧುಗಿರಿಯ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಟೀಚರ್. ಹಬ್ಬಕ್ಕೆ ಎಲ್ಲರೂ ಅಲ್ಲಿ ಸೇರುತ್ತೇವೆ.

ಆ ವರ್ಷ ಎಡೆ ಇಟ್ಟು, ಧೂಪ ಹಾಕಿ, ಬಾಗಿಲು ಮುಂದೆ ಮಾಡಿಕೊಂಡು ಎಲ್ಲರೂ ಜಗಲಿಯಲ್ಲಿ ಕೂತಿದ್ದೆವು. ಒಳಗೆ ಹಿರಿಯರು ಬಂದು ಉಣ್ಣುತ್ತಾರೆಂದು ಅಷ್ಟು ಹೊತ್ತು ಹೊರಗಿರುವುದು ನಮ್ಮಲ್ಲಿ ಪದ್ಧತಿ. ಅಜ್ಜಿಯ ಹೆಸರಲ್ಲಿ ಇಟ್ಟಿದ್ದ ಹೊಸ ಸೀರೆ, ಕಜ್ಜಾಯ, ಎಲೆಅಡಿಕೆ, ಹೊಗೆಸೊಪ್ಪಿನ ಬಗ್ಗೆ ಮಾತಾಡುತ್ತಾ ಅತ್ತೆ ಇದ್ದಕ್ಕಿದ್ದಂತೆ ನನ್ನ ಕಡೆ ತಿರುಗಿದಳು.

"ಸಾರದಾ, ನೀನು ಮಕ್ಳಿಗೆ ನಕ್ಸೆ ಹೇಳ್ಕೊಡ್ತೀಯಲ್ಲ, ನಿನ್ನ ನಕ್ಸೇಲಿ ತಂಗಡಿಪಾಳ್ಯ ಅಂತ ಐತಾ ನೋಡಮ್ಮ."

ಊರಿನಲ್ಲಿ ಹನುಮಕ್ಕ ಎನ್ನುವ ಹೆಸರಿನವರು ಹಲವರಿದ್ದರು. ನಮ್ಮಜ್ಜಿಯನ್ನು ಎಲ್ಲರೂ ತಂಗಡಿಪಾಳ್ಯದ ಹನುಮಕ್ಕ ಎಂದೇ ಕರೆಯುತ್ತಿದ್ದರು. ಆ ಊರು ಎಲ್ಲಿದೆ ಎಂದು ನಾವು ಯಾರೂ ಕೇಳಿದವರಲ್ಲ. ಅಜ್ಜಿ ಚಿಕ್ಕವಳಿದ್ದಾಗ ಅಲ್ಲಿಗೆ ಪ್ಲೇಗು ಬಂತು, ತಾಯಿ ಸತ್ತಳು, ಊರು ಪಾಳುಬಿತ್ತು, ಅಜ್ಜಿಯನ್ನು ಅವಳ ಸೋದರತ್ತೆ ಗಾಡಿಯಲ್ಲಿ ಶಿರಾ ಕಡೆಗೆ ಕರೆತಂದಳು, ಅಜ್ಜಿಯ ಅಪ್ಪ ಮತ್ತು ತಂಗಿ ನರಸಿ ಬೇರೆ ದಾರಿ ಹಿಡಿದರು. ಇಷ್ಟು ನನಗೆ ಗೊತ್ತಿತ್ತು. ಮಿಕ್ಕಿದ್ದನ್ನು ಅತ್ತೆ ಅವತ್ತು ಹೇಳಿದಳು.

"ನಮ್ಮವ್ವ ಸಾಯಗಂಟ ತಂಗಿಗೆ ಎಡೆ ಇಕ್ಕಕ್ಕೆ ಬುಡಲಿಲ್ಲ. ಸತ್ತಿದ್ದು ಕಂಡೋರ್ ಯಾರು, ಬದುಕಿರೋರ್ಗೆ ಎಡೆ ಇಕ್ತಾರಾ ಅಂತಿದ್ಳು. ಈಗ ನಮ್ಮವ್ವನೇ ಇಲ್ಲ. ಅವಳ ತಂಗಿ ಇದ್ದಾಳಾ? ಇರಲ್ಲ. ಆದ್ರೂ ನಂಗೆ ಇಕ್ಕಕ್ಕೆ ಕೈ ಬರಲ್ಲ. ವರ್ಸಾ ವರ್ಸಾ ಇಲ್ಲಿ ಕುಂತ್ಕೊಂಡು ಒಳಗೆ ಅವ್ವ ಒಬ್ಬಳೇ ಉಣ್ತಾ ಅವ್ಳೆ ಅನ್ನುಸ್ತೈತೆ."

ತಮ್ಮ, "ಹೋಗ್ಲಿ ಬುಡತ್ತೆ, ಯಾವ್ ಕಾಲದ್ದೋ," ಎಂದ. ಅತ್ತೆ ನನ್ನನ್ನೇ ನೋಡುತ್ತಿದ್ದಳು. ಹುಡುಕುತ್ತೇನೆ ಎಂದೆ.

ಮೊಬೈಲಿನ ನಕ್ಷೆಯಲ್ಲಿ ತಂಗಡಿಪಾಳ್ಯ ಸಿಗಲಿಲ್ಲ. ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿದರೆ ಆ ಹೆಸರಿನ ಗ್ರಾಮವೇ ಇಲ್ಲವೆಂದರು. ಅಷ್ಟಕ್ಕೇ ಬಿಡುತ್ತಿದ್ದೆನೇನೋ, ಆದರೆ ನಮ್ಮ ಶಾಲೆಯಲ್ಲಿ ಗಣಿತ ಹೇಳುವ ಮೇಷ್ಟರೊಬ್ಬರಿಗೆ ಹಳೆಯ ಕೋಟೆಗಳ ಹುಚ್ಚು. ಬ್ರಿಟಿಷರ ಕಾಲದ ಸರ್ವೆ ನಕ್ಷೆಗಳನ್ನು ಯಾರೋ ಪುಣ್ಯಾತ್ಮರು ಇಂಟರ್ನೆಟ್ಟಿಗೆ ಹಾಕಿದ್ದಾರೆ, ಗುಡ್ಡ, ಕಟ್ಟೆ, ಬಾವಿ, ಕಾಲುದಾರಿ ಎಲ್ಲ ಗುರುತು ಮಾಡಿರುತ್ತಾರೆ ಎಂದು ಅವರು ಹೇಳಿದರು. ನಮ್ಮ ಸೀಮೆಯ ಹಾಳೆಗಳು ಎರಡು ಸಿಕ್ಕವು. ಒಂದು ಬಹಳ ಹಳೆಯದು, ಇನ್ನೊಂದು ಅದಾದ ಮೇಲೆ ಮತ್ತೆ ಅಳೆದು ಬರೆದದ್ದು.

ಅಕ್ಷರಗಳು ಇರುವೆಯಂತೆ ಇದ್ದವು. ಮೊಬೈಲಿನಲ್ಲಿ ಅತ್ತೆಗೆ ಏನೂ ಕಾಣುವಂತಿರಲಿಲ್ಲ. ಆದ್ದರಿಂದ ಬಸ್‌ಸ್ಟ್ಯಾಂಡ್ ಹತ್ತಿರ ಹುಟ್ಟುಹಬ್ಬದ ಬ್ಯಾನರು ಮಾಡುವ ಫ್ಲೆಕ್ಸ್ ಅಂಗಡಿಗೆ ಹೋಗಿ ಹಳೆಯ ಹಾಳೆಯನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿದೆ. ಅಂಗಡಿಯವನು, "ಮೇಡಂ, ಫೋಟೋ ಯಾರ್ದೂ ಇಲ್ವಲ್ಲ," ಎಂದು ಅನುಮಾನದಿಂದ ಕೇಳಿದ. ಕೊರಟಗೆರೆಗೆ ಫೋನು ಮಾಡಿದ ಮರುದಿನವೇ ಅತ್ತೆ ಒಂದು ಕೈಚೀಲದೊಂದಿಗೆ ಮಧುಗಿರಿಯ ನಮ್ಮ ಮನೆಗೆ ಬಂದಿಳಿದಳು.

ನಡುಮನೆಯ ನೆಲದ ತುಂಬ ಫ್ಲೆಕ್ಸ್ ಹಾಸಿದೆವು. ಅತ್ತೆ ಮೊದಲು ಅಂಚಿನಲ್ಲಿ ಕೂತಳು. ಆಮೇಲೆ ಕಾಣುವುದಿಲ್ಲವೆಂದು ಅದರ ಮೇಲೇ ಕೂತು ತೆವಳುತ್ತಾ ಮಧುಗಿರಿ ಬೆಟ್ಟ ಎಲ್ಲಿ, ಬರಗೂರು ಎಲ್ಲಿ, ತನ್ನನ್ನು ಕೊಟ್ಟ ಊರು ಎಲ್ಲಿ ಎಂದು ಕೇಳಿ ಕೇಳಿ ಬೆರಳಿಟ್ಟು ನೋಡಿದಳು. ಅವಳಿಗೆ ಓದು ಬರುವುದಿಲ್ಲ. ನಾನು ಹೆಸರುಗಳನ್ನು ಓದುತ್ತಾ ಹೋದೆ. ಬರೆದವರು ಕಿವಿಗೆ ಬಿದ್ದ ಹಾಗೆ ಬರೆದುಕೊಂಡಿದ್ದರಿಂದ ಗೊತ್ತಿರುವ ಊರುಗಳೂ ಗುರುತು ಸಿಗುತ್ತಿರಲಿಲ್ಲ. ಸುಮಾರು ಸಂಜೆಗಳು ಹೀಗೇ ಹೋದವು. ಪಾಳ್ಯ ಎನ್ನುವ ಊರುಗಳು ಬೇಕಾದಷ್ಟಿದ್ದವು, ತಂಗಡಿ ಇರಲಿಲ್ಲ.

"ಅಜ್ಜಿ ಊರಿನ ಬಗ್ಗೆ ಬೇರೆ ಏನಾದ್ರೂ ಹೇಳ್ತಿದ್ಲಾ ಅತ್ತೆ? ಗುಡ್ಡ, ಹಳ್ಳ, ಏನಾದ್ರೂ?"

"ಊರ ಮುಂದೆ ನೀರಿನ ಕಟ್ಟೆ ಇತ್ತಂತೆ. ಆಮೇಲೆ... ಎಳ್ಳಮಾಸೆ ದಿಸ ಹೊತ್ತು ಮಿಡಿಗೇಶಿ ಗುಡ್ಡದ ನೆತ್ತೀಲೇ ಮುಳುಗ್ತಿತ್ತಂತೆ. ಗುಡ್ಡ ಹೊತ್ತನ್ನ ನುಂಗ್ತೈತೆ ಅಂತ ಅಕ್ಕತಂಗೀರು ಕಟ್ಟೆ ಏರಿ ಮೇಲೆ ನಿಂತ್ಕೊಂಡು ನೋಡೋರಂತೆ."

ನಾನು ಎದ್ದು ಸ್ಕೇಲು ತಂದೆ. ಎಳ್ಳಮಾಸೆಯ, ಅಂದರೆ ಡಿಸೆಂಬರ್-ಜನವರಿಯಲ್ಲಿ ಬರುವ ಎಳ್ಳು ಅಮಾವಾಸ್ಯೆಯ ಹೊತ್ತಿಗೆ ಸೂರ್ಯ ಪೂರಾ ದಕ್ಷಿಣಕ್ಕೆ ಸರಿದಿರುತ್ತಾನೆ, ನೇರ ಪಶ್ಚಿಮದಲ್ಲಿ ಮುಳುಗುವುದಿಲ್ಲ. ಹಾಗಾದರೆ ಊರು ಮಿಡಿಗೇಶಿ ಗುಡ್ಡದಿಂದ ಪೂರ್ವಕ್ಕೆ, ಸ್ವಲ್ಪ ಉತ್ತರಕ್ಕೆ ವಾಲಿರಬೇಕು. ಇದನ್ನು ಎಷ್ಟು ವರ್ಷ ಕಪ್ಪುಹಲಗೆಯ ಮೇಲೆ ಬರೆದಿದ್ದೆನೋ, ನನ್ನ ಸ್ವಂತದ ಕೆಲಸಕ್ಕೆ ಬಂದದ್ದು ಅದೇ ಮೊದಲು. ಗುಡ್ಡದಿಂದ ಒಂದು ಗೆರೆ ಎಳೆದು ಅದರ ಮೇಲೆ ಬೆರಳಿಟ್ಟುಕೊಂಡು ಹೋದೆ. ಅರ್ಧಚಂದ್ರದ ಹಾಗಿದ್ದ ಒಂದು ಸಣ್ಣ ಕಟ್ಟೆಯ ಪಕ್ಕದಲ್ಲಿ ಒಂದಷ್ಟು ಕಪ್ಪು ಚುಕ್ಕೆಗಳು. ಹೆಸರು, ಟಂಗುಡ್‌ಪೋಲಿ.

ಗಟ್ಟಿಯಾಗಿ ಓದಿದೆ. ಅತ್ತೆ ಇನ್ನೊಂದು ಸಲ ಓದಿಸಿದಳು.

"ನಮ್ಮವ್ವನ ಊರ್ನ ಪೋಲಿ ಮಾಡ್ಬುಟ್ಟವ್ರಲ್ಲೇ," ಎಂದು ನಗುತ್ತಾ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಇವೇನು ಚುಕ್ಕೆ?"

"ಮನೆಗಳು ಅತ್ತೆ."

ಅವಳು ಒಂದೊಂದು ಚುಕ್ಕೆಯ ಮೇಲೂ ಬೆರಳು ಆಡಿಸಿದಳು. ಎರಡನೆಯ ನಕ್ಷೆಯನ್ನು ಲ್ಯಾಪ್‌ಟಾಪಿನಲ್ಲಿ ತೆರೆದೆ. ಅದರಲ್ಲಿ ಕಟ್ಟೆ ಇತ್ತು, ಚುಕ್ಕೆಗಳಿರಲಿಲ್ಲ. ಹೆಸರಿನ ಜಾಗದಲ್ಲಿ ಪಾಳು ಎಂಬರ್ಥದ ಒಂದು ಇಂಗ್ಲಿಷ್ ಪದ. ಅದನ್ನು ಅವಳಿಗೆ ಓದಿ ಹೇಳಲೋ ಬೇಡವೋ ಎಂದು ಯೋಚಿಸಿ, ಕೊನೆಗೆ ಹೇಳಿದೆ. ತಲೆಯಾಡಿಸಿ ಮತ್ತೆ ಹಳೆಯ ಹಾಳೆಗೇ ಬಾಗಿದಳು. ಊರಿನಿಂದ ಹೊರಟ ಚುಕ್ಕೆಗೆರೆಯ ಕಾಲುದಾರಿಯೊಂದು ಸ್ವಲ್ಪ ದೂರದಲ್ಲಿ ಕವಲಾಗಿ, ಒಂದು ಪಶ್ಚಿಮಕ್ಕೆ ಶಿರಾ ಕಡೆಗೂ ಇನ್ನೊಂದು ಉತ್ತರಕ್ಕೆ ಪಾವಗಡದ ಕಡೆಗೂ ಹೋಗಿತ್ತು. ಆ ಕವಲನ್ನು ತೋರಿಸಿ ಇದೇನು ಎಂದು ಕೇಳಿದಳು. ಹೇಳಿದೆ.

"ಹಂಗಾರೆ ಇಲ್ಲೇ ಕಣಮ್ಮ ಕೈ ಬುಟ್ಟಿದ್ದು."

ಅಜ್ಜಿ ಅದನ್ನು ಮಗಳಿಗೆ ಮಾತ್ರ ಹೇಳಿದ್ದಳಂತೆ. ತಂಗಿಯ ಕೈ ಬಿಡಬೇಡ ಎಂದು ಸಾಯುವ ಮುಂಚೆ ತಾಯಿ ಹೇಳಿದ್ದಳು. ಕವಲುದಾರಿಯಲ್ಲಿ ಸೋದರತ್ತೆಯ ಗಂಡ ಗಾಡಿ ಕಟ್ಟಿಕೊಂಡು ನಿಂತಿದ್ದ. ಗಾಡಿ ಹತ್ತುವ ಆಸೆಗೆ ಅಜ್ಜಿ ತಂಗಿಯ ಕೈ ಕೊಡವಿ ಓಡಿದಳು. ತಿರುಗಿ ನೋಡಿದಾಗ ತಂಗಿ ಅಪ್ಪನ ಹೆಗಲ ಮೇಲೆ ಕೂತು ಇನ್ನೊಂದು ದಾರಿಯಲ್ಲಿ ಹೋಗುತ್ತಿದ್ದಳು. ಅಜ್ಜಿ ಜೀವನ ಪೂರ್ತಿ ಇದನ್ನು ಹೊತ್ತುಕೊಂಡಿದ್ದಳು. ಈಗ ಅತ್ತೆ ಹೊತ್ತುಕೊಂಡಿದ್ದಳು.

ಕಡ್ಲೆಕಾಯಿ ಕೀಳುವ ಕಾಲಕ್ಕೆ, ಒಂದು ಭಾನುವಾರ, ಇಬ್ಬರೂ ಮಿಡಿಗೇಶಿಗೆ ಬಸ್ಸಿನಲ್ಲಿ ಹೋಗಿ ಅಲ್ಲಿಂದ ಆಟೋ ಮಾಡಿಕೊಂಡೆವು. ಅರ್ಧಚಂದ್ರದ ಕಟ್ಟೆ ಉಪಗ್ರಹದ ಚಿತ್ರದಲ್ಲೂ ಹಾಗೇ ಇತ್ತು, ಮೊಬೈಲ್ ಹಿಡಿದು ಅದಕ್ಕೆ ದಾರಿ ಹೇಳುತ್ತಾ ಹೋದೆ. ಆಟೋ ಹೋಗದ ಕಡೆ ಇಳಿದು ಕಿತ್ತ ಹೊಲಗಳ ಬದುವಿನ ಮೇಲೆ ನಡೆದೆವು. ಎಲ್ಲೆಲ್ಲೂ ಆಗತಾನೇ ಕಿತ್ತ ಬಳ್ಳಿಯ ವಾಸನೆ. ಅತ್ತೆ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ನನಗಿಂತ ಮುಂದೆ ಹೋಗುತ್ತಿದ್ದಳು.

ಕಟ್ಟೆಯಲ್ಲಿ ನೀರಿರಲಿಲ್ಲ, ಏರಿ ಇತ್ತು. ಅದರಾಚೆ ತಂಗಡಿ ಗಿಡಗಳು ಅರಿಶಿನದ ಬಣ್ಣಕ್ಕೆ ಹೂಬಿಟ್ಟು ನಿಂತಿದ್ದವು. ಒಳಗೆ ಹೋದರೆ ಮೊಣಕಾಲೆತ್ತರದ ಕಲ್ಲುಗೋಡೆಗಳು, ನೆಲಕ್ಕೆ ಹೂತ ಒಂದು ಒರಳು. ನಡುವೆ, ಊರು ಕಟ್ಟುವಾಗ ಮೊದಲು ನೆಡುತ್ತಾರಲ್ಲ, ಆ ಕರುವುಗಲ್ಲು. ಅತ್ತೆ ಅದರ ಮುಂದೆ ಹೋಗಿ ನಿಂತವಳು, "ಸಾರದಾ, ಇಲ್ಲಿ ಬಾ," ಎಂದು ಕರೆದಳು.

ಕಲ್ಲಿಗೆ ಅರಿಶಿನ ಹಚ್ಚಿದ ಕಲೆ ಇತ್ತು. ಮಳೆಗೆ ತೊಳೆದುಹೋಗಿದ್ದರೂ ಬಿರುಕುಗಳಲ್ಲಿ ಉಳಿದಿತ್ತು. ಬುಡದಲ್ಲಿ ಒಣಗಿದ ತೆಂಗಿನ ಚಿಪ್ಪು ಬಿದ್ದಿತ್ತು. ಅಂದರೆ ಯಾರೋ ಬರುತ್ತಿದ್ದಾರೆ.

ಏರಿಯ ಮೇಲೆ ಕುರಿ ಮೇಯಿಸುತ್ತಿದ್ದ ಹೆಂಗಸೊಬ್ಬಳನ್ನು ಕೇಳಿದೆವು. "ಪಾವಗಡದ ಕಡೆ ತೆಲುಗೋರು ಕಣಕ್ಕ. ಎಳ್ಳಮಾಸೆಗೆ ಬತ್ತಾರೆ. ಎಡೆ ಇಕ್ತಾರೆ, ಹೊತ್ತು ಮುಳುಗಗಂಟ ಸುಮ್ನೆ ಕುಂತಿರ್ತಾರೆ, ಹೋಗ್ತಾರೆ. ಯಾವೂರೋ ಗೊತ್ತಿಲ್ಲ," ಎಂದಳು.

ಮರಳುವಾಗ ಅತ್ತೆ ದಾರಿಯುದ್ದಕ್ಕೂ ಕಿಟಕಿಯಾಚೆಯೇ ನೋಡುತ್ತಿದ್ದಳು. ಖುಷಿಯಾಗಿರಬೇಕು ಎಂದುಕೊಂಡಿದ್ದೆ. ಮನೆಗೆ ಬಂದು ಕಾಫಿ ಕೊಟ್ಟಾಗ ಲೋಟ ಹಿಡಿದುಕೊಂಡು ಹೇಳಿದಳು. "ಅವ್ರು ನಮ್ಮೋರೇ ಆಗಿದ್ರೆ ಹೆಂಗೆ ಮಕ ತೋರ್ಸದು? ನಿಮ್ಮವ್ವ ಯಾಕೆ ಕೈ ಬುಟ್ಟೋದ್ಳು ಅಂತ ಕೇಳ್ತಾರೆ. ಒಂದು ದಿಸಾನಾರ ಬಂದು ನೋಡಿದ್ಳಾ ಅಂತ ಕೇಳ್ತಾರೆ."

"ಅಜ್ಜಿ ಚಿಕ್ಕ ಹುಡುಗಿ ಅತ್ತೆ ಆಗ."

"ಆಮೇಲೆ ದೊಡ್ಡೋಳಾಗ್ಲಿಲ್ವಾ?"

ಪಾಳುಬಿದ್ದ ಊರಿಗೆ ಹೋಗಬಾರದು ಎಂದು ಮೊದಲು ಸೋದರತ್ತೆ, ಮದುವೆಯಾದ ಮೇಲೆ ಅತ್ತೆಮನೆಯವರು ಅಜ್ಜಿಯನ್ನು ಬಿಡಲಿಲ್ಲವಂತೆ. ಬಿಟ್ಟಾಗ ದಾರಿ ಗೊತ್ತಿದ್ದವರು ಯಾರೂ ಉಳಿದಿರಲಿಲ್ಲ. ಇದು ಅತ್ತೆಗೂ ಗೊತ್ತಿತ್ತು. ಗೊತ್ತಿದ್ದರೂ ಸಮಾಧಾನವಿರಲಿಲ್ಲ.

ಎಳ್ಳಮಾಸೆಯವರೆಗೆ ಅವಳು ನಮ್ಮಲ್ಲೇ ಉಳಿದಳು. ಚಳಿ ಹೆಚ್ಚುತ್ತಾ ಬಂತು. ಬೆಳಿಗ್ಗೆ ಮಧುಗಿರಿಯ ಏಕಶಿಲೆ ಬೆಟ್ಟದ ಅರ್ಧಕ್ಕೆ ಮಂಜು ಹೊದ್ದಿರುತ್ತಿತ್ತು. ನಾನು ಶಾಲೆಯಿಂದ ಬರುವಷ್ಟರಲ್ಲಿ ಅವಳು ಅವರೆಕಾಯಿ ಸುಲಿದು, ಹಿದುಕಿ, ಸಾರು ಮಾಡಿಟ್ಟು ಫ್ಲೆಕ್ಸಿನ ಮೇಲೆ ಕೂತಿರುತ್ತಿದ್ದಳು. ಮಗ ಕೊರಟಗೆರೆಯಿಂದ ಫೋನು ಮಾಡಿ ಯಾವಾಗ ಬರುತ್ತೀ ಎಂದು ಕೇಳಿದರೆ, "ಬತ್ತೀನಿ ಇರ್ಲಾ, ಇಲ್ಲೊಂದು ಕೆಲ್ಸ ಐತೆ," ಎನ್ನುವಳು. ಏನು ಕೆಲಸವೆಂದು ಹೇಳುತ್ತಿರಲಿಲ್ಲ. ಕೆಲವು ದಿನ, "ಹೋಗದೇ ಬ್ಯಾಡ ಕಣಮ್ಮ, ಬುಟ್ಬುಡನ," ಎನ್ನುತ್ತಿದ್ದಳು. ಮರುದಿನ ತಾನೇ ಎಳ್ಳು ಹುರಿಯಲು ಕೂರುತ್ತಿದ್ದಳು.

ಎಳ್ಳಮಾಸೆಯ ದಿನ ಶಾಲೆಗೆ ರಜೆ ಹಾಕಿದೆ. ಬಿಸಿಲೇರುವ ಮೊದಲೇ ಕಲ್ಲಿನ ಹತ್ತಿರ ಇದ್ದೆವು. ಅತ್ತೆ ಸುತ್ತ ಕಸ ತೆಗೆದು, ತಂದಿದ್ದ ಬಿಂದಿಗೆಯ ನೀರಿನಿಂದ ಕಲ್ಲನ್ನು ತೊಳೆದು, ಪಕ್ಕದಲ್ಲಿ ಕೂತಳು. ಯಾರೂ ಬರಲಿಲ್ಲ. ಮಧ್ಯಾಹ್ನ ಬುತ್ತಿ ಬಿಚ್ಚಿದರೆ ಬೇಡವೆಂದಳು. ಈ ವರ್ಷ ಅವರು ಬರದಿದ್ದರೆ ಎಂಬ ಭಯ ನನಗೆ, ಬಂದರೆ ಎಂಬ ಭಯ ಅವಳಿಗೆ.

ಹೊತ್ತು ಇಳಿಯತೊಡಗಿದ ಮೇಲೆ ಏರಿಯ ಆಚೆ ಲಗೇಜ್ ಆಟೋ ಒಂದರ ಸದ್ದು ಕೇಳಿಸಿತು. ಅದರಿಂದ ನಾಲ್ಕಾರು ಜನ ಇಳಿದರು. ಮುಂದೆ ಬುಟ್ಟಿ ಹೊತ್ತ ಒಬ್ಬ ಹೆಂಗಸು, ಅತ್ತೆಗಿಂತ ಸ್ವಲ್ಪ ಚಿಕ್ಕವಳು, ಗಟ್ಟಿ ಆಳು. ಹಿಂದೆ ಅವಳ ಮಗ, ಸೊಸೆ, ಮಕ್ಕಳು. ತಂಗಡಿ ಗಿಡಗಳ ಸಂದಿಯಿಂದ ಬಂದವಳು ಕಲ್ಲಿನ ಪಕ್ಕ ಕೂತಿದ್ದ ಅತ್ತೆಯನ್ನು ಕಂಡು ನಿಂತಲ್ಲೇ ನಿಂತುಬಿಟ್ಟಳು.

"ಎವುರಮ್ಮಾ ನುವ್ವು?" ಎಂದಳು. ಆಮೇಲೆ ಕನ್ನಡದಲ್ಲಿ, "ಯಾರಮ್ಮ ನೀನು? ಯಾಕೆ ಇಲ್ಲಿ ಕೂತಿದ್ದೀಯ?"

ಅತ್ತೆ ಎದ್ದು ನಿಂತಳು. ಏನೇನೋ ಹೇಳಬೇಕೆಂದು ವಾರಗಟ್ಟಲೆ ನನ್ನ ಮುಂದೆ ಹೇಳಿ ನೋಡಿಕೊಂಡಿದ್ದಳು. ಅದ್ಯಾವುದೂ ಬರಲಿಲ್ಲ.

"ನಾನು ಹನುಮಕ್ಕನ ಮಗಳು."

ಆ ಹೆಂಗಸು ಬುಟ್ಟಿಯನ್ನು ಇಳಿಸಲೂ ಮರೆತು ಹಾಗೇ ನೆಲಕ್ಕೆ ಕುಸಿದು ಕೂತಳು. ಮಗ ಓಡಿಬಂದು ಬುಟ್ಟಿ ಹಿಡಿದುಕೊಂಡ.

ಅವಳ ಹೆಸರು ಅಂಜಿನಮ್ಮ. ಅಜ್ಜಿಯ ತಂಗಿ ನರಸಿಯ ಮಗಳು. ಪಾವಗಡ ದಾಟಿ ಕ್ಯಾತಗಾನಚೆರ್ಲುವಿನಲ್ಲಿ ಮನೆ. ಹೊಲವನ್ನು ಸೋಲಾರ್ ಪಾರ್ಕಿಗೆ ಗುತ್ತಿಗೆ ಕೊಟ್ಟಿದ್ದಾರೆ, ಮಗ ಅಲ್ಲೇ ಕಾವಲು ಕೆಲಸಕ್ಕಿದ್ದಾನೆ. ಇದನ್ನೆಲ್ಲ ಆಮೇಲೆ ಮಗ ನನಗೆ ಹೇಳಿದ್ದು. ಆ ಹೊತ್ತಿನಲ್ಲಿ ಇಬ್ಬರು ಮುದುಕಿಯರೂ ಒಬ್ಬರ ಮುಖ ಇನ್ನೊಬ್ಬರು ಮುಟ್ಟಿ ನೋಡುತ್ತಿದ್ದರು.

"ಚಿಕ್ಕವ್ವ ಎಲ್ಲವ್ಳೆ?" ಅತ್ತೆ ಕೇಳಿದಳು. ಉತ್ತರ ಗೊತ್ತಿದ್ದೂ ಕೇಳಿದಳು.

"ಪೋಯಿಂದಿ ಅಕ್ಕಾ. ಹೋಗ್ಬಿಟ್ಟು ಎಷ್ಟೋ ವರ್ಷ ಆಯ್ತು. ಪೆದ್ದಮ್ಮ, ನಮ್ಮ ದೊಡ್ಡಮ್ಮ?"

"ನಮ್ಮವ್ವನೂ ಹೋದ್ಳು ಕಣವ್ವ."

ಹಳೆಯ ಸಾವುಗಳೇ ಎರಡೂ. ಆದರೆ ಆ ಇಬ್ಬರಿಗೆ ಅವು ಅವತ್ತೇ ಆದದ್ದು. ಒಬ್ಬರ ಕತ್ತಿನ ಮೇಲೆ ಇನ್ನೊಬ್ಬರು ಕೈ ಹಾಕಿಕೊಂಡು ಸಾವಿನ ಮನೆಯಲ್ಲಿ ಅಳುವ ಹಾಗೆ ಅತ್ತರು. ನಾವು ಸುತ್ತ ನಿಂತೆವು. ಅಂಜಿನಮ್ಮನ ಸೊಸೆ ನನ್ನ ಕೈ ಹಿಡಿದುಕೊಂಡಿದ್ದಳು. ಅವಳ ಹೆಸರೂ ನನಗಿನ್ನೂ ಗೊತ್ತಿರಲಿಲ್ಲ.

ಅಳು ನಿಂತ ಮೇಲೆ ಅತ್ತೆ ತಾನು ಹೊತ್ತು ತಂದದ್ದನ್ನು ಇಳಿಸಿದಳು. "ನಮ್ಮವ್ವನೇ ಕೈ ಬುಟ್ಟಿದ್ದು ಕಣವ್ವ. ಗಾಡಿ ಹತ್ತೋ ಆಸೆಗೆ ಬುಟ್ಬುಟ್ಳಂತೆ. ಸಾಯೋವಾಗ್ಲೂ ಅದನ್ನೇ ಅಂತಿದ್ಳು. ತಪ್ಪಾಯ್ತು ಅಂತ ಹೇಳಕ್ಕೆ ಬಂದೆ."

ಅಂಜಿನಮ್ಮ ತಲೆ ಅಲ್ಲಾಡಿಸಿದಳು.

"ಅಲ್ಲಕ್ಕಾ. ನಮ್ಮಮ್ಮ ಬೇರೆ ಹೇಳ್ತಿದ್ಳು. ಅಕ್ಕ ನನ್ನ ಕೈ ಗಟ್ಟಿಯಾಗಿ ಹಿಡಿದಿದ್ಳು, ನಾನೇ ನಾಯನ ಹೆಗಲ ಮೇಲೆ ಕೂತ್ಕೋಬೇಕು ಅಂತ ಅತ್ತು ಬಿಡಿಸ್ಕೊಂಡೆ, ನಾನು ಬಿಡದೇ ಇದ್ರೆ ಅಕ್ಕ ಗಾಡಿ ಹತ್ತುತಿರಲಿಲ್ಲ ಅಂತಿದ್ಳು. ಅವಳೂ ಅದನ್ನೇ ಅಂದ್ಕೊಂಡೇ ಸತ್ತಳು."

ಯಾರ ನೆನಪು ಸರಿಯೋ ಈಗ ಹೇಳುವವರಿಲ್ಲ. ಆ ದಾರಿಯಲ್ಲಿ ಇದ್ದ ಇಬ್ಬರು ಮಕ್ಕಳೂ ತಪ್ಪು ತಮ್ಮದೇ ಎಂದುಕೊಂಡು ದೊಡ್ಡವರಾದರು, ಮುದುಕಿಯರಾದರು. ಅತ್ತೆ ಅಂಜಿನಮ್ಮನ ಅಂಗೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು ನೀವುತ್ತಾ ಕೂತಳು.

"ಇಲ್ಲಿಗೆ ಯಾಕೆ ಬರ್ತೀರಿ ಪ್ರತಿ ವರ್ಷ?" ನಾನು ಕೇಳಿದೆ. "ಈ ಕಲ್ಲಿಗೆ ಹರಕೆ ಇದೆಯಾ?"

"ಹರಕೆ ಏನಿಲ್ಲಮ್ಮ. ಬಿಟ್ಟು ಹೋಗೋ ದಿನ ನಮ್ಮ ತಾತ ಹೇಳಿದ್ನಂತೆ, ಮಾರಿ ಇಳಿದ ಮೇಲೆ ಎಳ್ಳಮಾಸೆಗೆ ಎಲ್ಲಾ ಊರ ಕಲ್ಲತ್ರ ಸೇರೋಣ ಅಂತ. ಮುಂದಿನ ವರ್ಷ ಬಂದ, ಯಾರೂ ಇರಲಿಲ್ಲ. ಪೆದ್ದಮ್ಮನ್ನ ಕರ್ಕೊಂಡು ಹೋದ ಅವನ ತಂಗಿಯ ಊರಿಗೆ ಹೋಗಿ ನೋಡಿದ್ರೆ ಅಲ್ಲೂ ಮಾರಿ ಬಂದು ಮನೆಗಳೆಲ್ಲಾ ಖಾಲಿ. ಎಲ್ಲಿಗೆ ಹೋದ್ರು ಅಂತ ಹೇಳೋಕೂ ಒಬ್ಬರಿಲ್ಲ. ಅವಾಗಿಂದ ಪ್ರತಿ ಎಳ್ಳಮಾಸೆಗೂ ಅಷ್ಟು ದೂರದಿಂದ ನಡ್ಕೊಂಡು ಬಂದು ಕೂತ್ಕೋತಿದ್ದ, ಪೆದ್ದ ಕೂತುರು, ದೊಡ್ಡ ಮಗಳು, ಬರ್ತಾಳೆ ಅಂತ. ಅವನು ಹೋದ ಮೇಲೆ ಅಮ್ಮ ಬರ್ತಿದ್ಳು. ಸುಮ್ನೆ ಹೆಂಗೆ ಕೂತ್ಕೊಳ್ಳೋದು ಅಂತ ಅವಳೇ ಅರಿಶಿನ ಹಚ್ಚೋಕೆ ಶುರು ಮಾಡಿದ್ಳು. ಪೂಜೆಗೆ ಅಲ್ಲಮ್ಮ. ಅಕ್ಕನ್ನ ನೋಡೋಕೆ ಹೋಗೋದು ಅಂತ ನಂಗೆ ಹೇಳಿ ಹೋಗಿದ್ಳು."

ಆಮೇಲೆ ಎಡೆ ಹಾಕಿದರು. ಅಂಜಿನಮ್ಮ ಎರಡು ಎಲೆ ಹಾಸಿದಳು, ಅಕ್ಕನಿಗೊಂದು, ತಂಗಿಗೊಂದು. ಅವರು ತಂದಿದ್ದ ಹೋಳಿಗೆಯನ್ನೂ ಅತ್ತೆ ಮಾಡಿದ್ದ ಎಳ್ಳುಂಡೆಯನ್ನೂ ಬಡಿಸಿದರು. ಮಕ್ಕಳು ಏರಿ ಹತ್ತಿ ಆಡುತ್ತಿದ್ದರು. ಅತ್ತೆ ಬೆಳಿಗ್ಗೆಯಿಂದ ಮೊದಲ ಬಾರಿಗೆ ಊಟ ಮಾಡಿದಳು. ಊಟದ ನಡುವೆ ಇಬ್ಬರೂ ಅವರವರ ತಾಯಂದಿರ ಬಗ್ಗೆ ದೂರು ಹೇಳಿಕೊಂಡು ನಗುವಷ್ಟು ಹತ್ತಿರವಾಗಿದ್ದರು. ಒಬ್ಬಳ ತೆಲುಗು ಇನ್ನೊಬ್ಬಳಿಗೆ ಅರ್ಧಂಬರ್ಧ, ಆದರೂ ಮಾತು ನಿಲ್ಲಲಿಲ್ಲ. ಅಂಜಿನಮ್ಮ ನನ್ನ ತಲೆ ಸವರಿ, "ನಾನೂ ನಿಂಗೆ ಅತ್ತೇನೇ ಆಗ್ಬೇಕು, ಮರೀಬೇಡ," ಎಂದಳು.

ಸೂರ್ಯ ಗುಡ್ಡದ ಹಿಂದೆ ಇಳಿದ. ಎಲ್ಲರೂ ಪಾತ್ರೆ ಕಟ್ಟಿಕೊಂಡು ಎದ್ದೆವು. ಅಂಜಿನಮ್ಮ ಒಬ್ಬಳೇ ಮತ್ತೆ ಕಲ್ಲಿನ ಹತ್ತಿರ ಹೋಗಿ, ಅದರ ಮೇಲೆ ಅಂಗೈ ಇಟ್ಟು, ತೆಲುಗಿನಲ್ಲಿ ಏನೋ ಹೇಳಿ ಬಂದಳು. ಏನೆಂದಳು ಎಂದು ಅವಳ ಮಗನನ್ನು ಕೇಳಿದೆ.

"ಅಮ್ಮನ ತಾತ ಹೊರಡೋವಾಗ ಕಲ್ಲಿಗೆ ಹೇಳಿ ಹೋಗ್ತಿದ್ನಂತೆ ಮೇಡಂ, ಈ ವರ್ಷನೂ ಬರಲಿಲ್ಲ ಅಂತ. ಅಜ್ಜೀನೂ ಅದನ್ನೇ ಹೇಳ್ತಿದ್ಳು, ಅಮ್ಮನೂ ಅದನ್ನೇ ಹೇಳ್ತಾಳೆ. ಚಿಕ್ಕವನಿದ್ದಾಗಿಂದ ಕೇಳಿದ್ದೀನಿ." ಅವನು ಕಲ್ಲಿನ ಕಡೆ ತಿರುಗಿ ನೋಡಿದ. "ಇವತ್ತು ವಚ್ಚಿಂದಿ ಅಂದ್ಳು. ಬಂದಳು ಅಂತ."